ನಮ್ಮ ಸೀಮೆಯ ಲೋಕೇಶ್

ಹೋದ ವರ್ಷ ತರಗತಿಯಲ್ಲಿ ಕಬಿನಿ ಅಣೆಕಟ್ಟಿನ ವಿಷಯ ಹೇಳುತ್ತಿದ್ದಾಗ ಮಾತು ಎಲ್ಲೋ ಹೊರಳಿ ‘ಕಾಕನಕೋಟೆ’ ನಾಟಕಕ್ಕೆ ಬಂತು. ಕಾಚನ ಪಾತ್ರವನ್ನು ಲೋಕೇಶ್ ಮಾಡಿದ್ದರು ಎಂದೆ. ಹಿಂದಿನ ಬೆಂಚಿನ ಹುಡುಗ, “ಸಾರ್, ಲೋಕೇಶ್ ಅಂದ್ರೆ ಸೃಜನ್ ಲೋಕೇಶ್ ಅವರಪ್ಪನಾ?” ಎಂದು ಕೇಳಿದ. ಹೌದಪ್ಪ ಎಂದೆ. “ಮಜಾ ಟಾಕೀಸ್‌ನಲ್ಲಿ ಫೋಟೋ ನೋಡಿದೀನಿ ಸಾರ್” ಎಂದ. ಉಳಿದವರು ತಲೆಯಾಡಿಸಿದರು. ಅಷ್ಟಕ್ಕೆ ಆ ವಿಷಯ ಮುಗಿದು ಕಬಿನಿಗೆ ವಾಪಸಾದೆವು.

ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಹುಡುಗನ ತಪ್ಪೇನಿಲ್ಲ. ನನಗೂ ಲೋಕೇಶ್ ಪರಿಚಯವಾದದ್ದು ಟಿವಿಯಲ್ಲೇ. ಅವರ ದೊಡ್ಡ ಚಿತ್ರಗಳು ಬಿಡುಗಡೆಯಾದಾಗ ನಾನಿನ್ನೂ ಹುಟ್ಟಿರಲಿಲ್ಲ, ಅಥವಾ ತೊಟ್ಟಿಲಲ್ಲಿದ್ದೆ. ನನ್ನ ಮಟ್ಟಿಗೆ ಅವರು ಸಿನಿಮಾ ನಟರಲ್ಲ, ಟಿವಿ ನಟರು. ಟೆಂಟಿನ ಪರದೆಯ ಮೇಲಲ್ಲ, ನಮ್ಮ ಬೀದಿಯ ಮೇಷ್ಟರ ಮನೆಯ ಪಡಸಾಲೆಯಲ್ಲಿ ಗಾಜಿನ ಡಬ್ಬಿಯೊಳಗೆ ಕಂಡ ಮುಖ ಅದು.

ನಮ್ಮೂರು ಸಾಲಿಗ್ರಾಮ. ಹೀಗೆಂದರೆ ಬೆಂಗಳೂರಿನಲ್ಲಿ ಎಲ್ಲರೂ “ಓ, ಕಾರಂತರ ಊರು” ಎನ್ನುತ್ತಾರೆ. ಅದು ಉಡುಪಿ ಕಡೆಯದು. ನಮ್ಮದು ಕೃಷ್ಣರಾಜನಗರದ ಪಕ್ಕದ್ದು, ರಾಮಾನುಜಾಚಾರ್ಯರ ಪಾದತೀರ್ಥದ ಸಾಲಿಗ್ರಾಮ. ಒಂದು ಕಡೆ ಭತ್ತದ ಗದ್ದೆ, ಚುಂಚನಕಟ್ಟೆಯ ಕಾವೇರಿ. ಇನ್ನೊಂದು ಕಡೆ ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಕಾಡು. ತೆಂಕಲಿಗೆ ಇಳಿದರೆ ಕೋಟೆ. ಕೋಟೆ ಎಂದರೆ ಹೆಗ್ಗಡದೇವನಕೋಟೆ. ನಮ್ಮ ಕಡೆ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. ಈ ನಾಲ್ಕು ತಾಲ್ಲೂಕುಗಳ ನಡುವೆ ಹೆಣ್ಣು ತಂದು ಹೆಣ್ಣು ಕೊಟ್ಟು ಮಾತು ಕಲಸಿಹೋಗಿದೆ. ನಮ್ಮಜ್ಜಿ ಕೋಟೆ ಕಡೆಯವಳು.

ಎಂಬತ್ತರ ದಶಕದ ಕೊನೆಯಲ್ಲಿ ಮೇಷ್ಟರ ಮನೆಗೆ ಟಿವಿ ಬಂತು. ಮರದ ಬಾಗಿಲಿದ್ದ ಪೆಟ್ಟಿಗೆ, ಹೆಂಚಿನ ಮೇಲೆ ಆ್ಯಂಟೆನಾ. ಗಾಳಿ ಬೀಸಿದರೆ ಒಬ್ಬ ಮಾಡಿನ ಮೇಲೆ ಹತ್ತಿ ತಿರುಗಿಸಬೇಕು, ಇನ್ನೊಬ್ಬ ಕೆಳಗಿನಿಂದ “ಸಾಕು ಸಾಕು, ಓಯ್ತು, ಇನ್ನೊಂಚೂರು” ಎಂದು ಕೂಗಬೇಕು. ಕನ್ನಡ ಸಿನಿಮಾ ಬರುವ ದಿನ ಮೇಷ್ಟರ ಹೆಂಡತಿ ಸಗಣಿ ಸಾರಿಸಿದ ಪಡಸಾಲೆಯ ಮೇಲೆ ಚಾಪೆ ಹಾಸಿಡುತ್ತಿದ್ದರು. ಭಾನುವಾರ ಮಧ್ಯಾಹ್ನ ದೆಹಲಿಯಿಂದ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳೂ ಬರುತ್ತಿದ್ದವು. ಬಂಗಾಳಿಯೋ ಅಸ್ಸಾಮಿಯೋ ಬಂದರೆ ಪಡಸಾಲೆ ಖಾಲಿ. ಕನ್ನಡದ್ದು ಬಂದರೆ ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದರೂ ಜನ ಕೂರುತ್ತಿದ್ದರು. ಮಧ್ಯೆ ‘ಅಡಚಣೆಗಾಗಿ ಕ್ಷಮಿಸಿ’ ಬಂದರೆ ಯಾರೂ ಏಳುತ್ತಿರಲಿಲ್ಲ.

‘ಪರಸಂಗದ ಗೆಂಡೆತಿಮ್ಮ’ ನೋಡಿದ್ದು ಹೀಗೆ. ಸಿನಿಮಾ ಎಂದರೆ ತೂಕಡಿಸುತ್ತಿದ್ದ ಅಜ್ಜಿ ಅವತ್ತು ಗೋಡೆಗೊರಗಿದವಳು ಮುಂದಕ್ಕೆ ಬಂದು ಕೂತಳು. ಅರ್ಧ ಗಂಟೆಯಾದ ಮೇಲೆ ನನ್ನ ತೊಡೆ ತಟ್ಟಿ, “ಇವ್ನು ನಮ್ ಕಡೆಯವ್ನು ಕಣ್ಲಾ” ಎಂದಳು. “ಯಾರಜ್ಜಿ?” “ಇವ್ನೇ, ಗಂಟು ಹೊತ್ಕಂಡವ್ನು. ಕೋಟೆಯವ್ನೇ. ನಡಿಗೆ ನೋಡು.”

ಭಾಷೆ ಕೇಳಿ ಹೀಗೆ ಹೇಳಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಸಂಭಾಷಣೆ ಬರೆದುಕೊಟ್ಟರೆ ಯಾರಾದರೂ ಒಪ್ಪಿಸಬಹುದು. ಅವಳು ಹೇಳಿದ್ದು ನಡಿಗೆಯ ಮಾತು. ಸಾಯುವತನಕ ಅಜ್ಜಿ ಲೋಕೇಶ್ ಅವರನ್ನು ಕೋಟೆಯವನೆಂದೇ ನಂಬಿದ್ದಳು. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ.

ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತು, ಅವರು ಕೋಟೆಯವರಲ್ಲ. ಗದ್ದೆ ಬದಿಯ ಮನೆಯವರೂ ಅಲ್ಲ. 1947ರ ಮೇ 19ರಂದು ಹುಟ್ಟಿದ್ದು ನಾಟಕದವರ ಮನೆಯಲ್ಲಿ. ತಂದೆ ಎಂ.ವಿ. ಸುಬ್ಬಯ್ಯ ನಾಯ್ಡು. ಕನ್ನಡ ಸಿನಿಮಾದ ಚರಿತ್ರೆ ಬರೆಯುವವರು ಯಾರೇ ಇರಲಿ, ಮೊದಲ ಪುಟದಲ್ಲೇ ಈ ಹೆಸರು ಬರೆಯಬೇಕು. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನ’ದ ಇಂದ್ರಜಿತು ಅವರೇ. ರಾವಣ ಆರ್. ನಾಗೇಂದ್ರರಾಯರು, ಸುಲೋಚನೆ ತ್ರಿಪುರಾಂಬಾ, ನಿರ್ದೇಶನ ವೈ.ವಿ. ರಾವ್. ಆಗ ಇಲ್ಲಿ ಸ್ಟುಡಿಯೋ ಇರಲಿಲ್ಲವಾದ್ದರಿಂದ ಚಿತ್ರೀಕರಣ ಕೊಲ್ಹಾಪುರದಲ್ಲಿ. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡದ ಮೊದಲ ನಾಯಕ ನಟ ಹೇಗೆ ಮಾತಾಡಿದ ಎಂಬುದನ್ನು ಆ ಚಿತ್ರದಲ್ಲಿ ಕೇಳುವ ದಾರಿ ನಮಗಿಲ್ಲ.

ನಾಯ್ಡು ಅವರ ಬದುಕಿನ ನೆಲೆ ರಂಗಭೂಮಿ. ಮೈಸೂರಿನ ‘ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ’ ಅವರದು, ನಾಗೇಂದ್ರರಾಯರು ಜೊತೆಗಿದ್ದರು. ಇದೇ ಜೋಡಿ ‘ವಸಂತಸೇನೆ’ (1941), ‘ಸತ್ಯ ಹರಿಶ್ಚಂದ್ರ’ (1943) ಚಿತ್ರಗಳಲ್ಲೂ ಕಾಣುತ್ತದೆ. ಕಂಪನಿ ನಾಟಕ ಹೇಗಿರುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದಳು. ಯಾವ ಕಂಪನಿ ಎಂದು ಅವಳಿಗೆ ನೆನಪಿರಲಿಲ್ಲ. ಗಾಡಿ ಕಟ್ಟಿಕೊಂಡು ಹೋದದ್ದು, ರಾಜನ ಪಾರ್ಟಿನವನ ಗಂಟಲು ಊರಾಚೆಯ ಹೊಲದವರೆಗೆ ಕೇಳಿದ್ದು ಮಾತ್ರ ನೆನಪು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ನಟನೆಂದರೆ ಮೊದಲು ಕಂಠ. ಕೊನೆಯ ಸಾಲಿನ ನಾಲ್ಕಾಣೆಯವನಿಗೂ ಪ್ರತಿ ಅಕ್ಷರ ತಲುಪಬೇಕು, ಅವನು ಒನ್ಸ್ ಮೋರ್ ಎಂದರೆ ಸತ್ತವನೂ ಎದ್ದು ಮತ್ತೆ ಹಾಡಬೇಕು.

ಆ ಮನೆಯ ಹುಡುಗ 1958ರ ‘ಭಕ್ತ ಪ್ರಹ್ಲಾದ’ದಲ್ಲಿ ಬಾಲನಟನಾಗಿ ಬಣ್ಣ ಹಚ್ಚಿದ. ತಂದೆ 1962ರಲ್ಲಿ ತೀರಿಕೊಂಡಾಗ ಅವನಿಗೆ ಹದಿನೈದು. ಕಂಪನಿಯ ಕಾಲವೂ ಹೆಚ್ಚುಕಡಿಮೆ ಆಗಲೇ ಮುಗಿಯುತ್ತಿತ್ತು. ಹುಡುಗನಿಗೆ ಆಸ್ತಿಯಾಗಿ ಸಿಕ್ಕಿದ್ದು ಆ ಶೈಲಿಯೊಂದೇ, ಅದನ್ನೂ ಅವನು ಬಿಟ್ಟ. ನನ್ನ ದೃಷ್ಟಿಯಲ್ಲಿ ಲೋಕೇಶ್ ಮಾಡಿದ ದೊಡ್ಡ ಕೆಲಸ ಅದು. ತಂದೆಯ ಕಂಠಕ್ಕೆ ಪೈಪೋಟಿ ಕೊಡುವ ಗೋಜಿಗೆ ಹೋಗದೆ ಮೈಯನ್ನು ಪಾತ್ರಕ್ಕೆ ಒಪ್ಪಿಸಿದರು. ಅವರ ಯಾವ ಚಿತ್ರವನ್ನಾದರೂ ಧ್ವನಿ ಪೂರ್ತಿ ತಗ್ಗಿಸಿ ಐದು ನಿಮಿಷ ನೋಡಿ: ಈತ ಹೊಲದವನೋ ಅಂಗಡಿಯವನೋ ಎಂದು ಹೆಗಲು ನೋಡಿಯೇ ಹೇಳಬಹುದು.

ಈಗ ಕಾಕನಕೋಟೆ.

1972 ಬೆಂಗಳೂರಿನ ಹವ್ಯಾಸಿ ರಂಗಭೂಮಿಗೆ ಸುಗ್ಗಿಯ ವರ್ಷ. ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ‘ಜೋಕುಮಾರಸ್ವಾಮಿ’, ‘ಈಡಿಪಸ್’, ‘ಸಂಕ್ರಾಂತಿ’ ಆಡಿಸಿದ್ದು ಆಗಲೇ. ಅದೇ ವರ್ಷ ಸಿ.ಆರ್. ಸಿಂಹ ಗೆಳೆಯರೊಂದಿಗೆ ‘ನಟರಂಗ’ ಕಟ್ಟಿ ಮಾಸ್ತಿಯವರ ‘ಕಾಕನಕೋಟೆ’ಯನ್ನು ಕೈಗೆತ್ತಿಕೊಂಡರು. ಕಾಡು ಕುರುಬರ ನಾಯಕ ಕಾಚನಾಗಿ ಲೋಕೇಶ್. ರಣಧೀರ ಕಂಠೀರವನ ಕಾಲದ ಕತೆ. ಕೋಟೆಯ ಹೆಗ್ಗಡೆ, ಕಾಡಿನ ಜನ, ಮೈಸೂರಿನ ಅರಸು. ಮಾಸ್ತಿಯವರ ನಾಟಕಗಳನ್ನು ಓದುವುದೇ ಹೊರತು ಆಡುವುದಲ್ಲ ಎಂಬ ಭಾವನೆ ಹಲವರಲ್ಲಿತ್ತು. ನಟರಂಗ ಅದನ್ನು ಸುಳ್ಳು ಮಾಡಿತು. ಐದು ವರ್ಷದ ನಂತರ, 1977ರಲ್ಲಿ, ಸಿಂಹ ಅವರೇ ಅದನ್ನು ಸಿನಿಮಾ ಮಾಡಿದರು. ಕಾಚ ಮತ್ತೆ ಲೋಕೇಶ್. ಸಿ. ಅಶ್ವಥ್ ಸ್ವತಂತ್ರವಾಗಿ ಸಂಗೀತ ಕೊಟ್ಟ ಮೊದಲ ಚಿತ್ರವೂ ಅದು.

ಇಷ್ಟನ್ನು ರಂಗಭೂಮಿಯ ಚರಿತ್ರೆಯಲ್ಲಿ ಓದುತ್ತೇವೆ. ಇತಿಹಾಸದ ಮೇಷ್ಟರಾಗಿ ನನ್ನನ್ನು ಕಾಡುವುದು ಅದೇ ಹೊತ್ತಿಗೆ ನಿಜವಾದ ಕಾಕನಕೋಟೆಯಲ್ಲಿ ಏನಾಗುತ್ತಿತ್ತು ಎಂಬುದು. ಮಹಾರಾಜರ ಕಾಲದಿಂದ ಅಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆಗಳ ಹಿಂಡನ್ನು ಹೊಳೆಗಟ್ಟಿ ಓಡಿಸಿ ಮರದ ದೊಡ್ಡಿಗೆ ನೂಕುವುದು, ವೈಸರಾಯ್‌ಗಳೂ ರಾಜಕುಮಾರರೂ ಕೂತು ನೋಡುವುದು. ಆನೆ ಅಟ್ಟುವ ನಿಜವಾದ ಕೆಲಸ ಕಾಡು ಬಲ್ಲ ಕುರುಬರದು. ಕೊನೆಯ ಖೆಡ್ಡಾ 1971ರಲ್ಲಿ ಆಯಿತು. ಅಷ್ಟರಲ್ಲಿ ಬಿದರಹಳ್ಳಿಯ ಬಳಿ ಕಬಿನಿಗೆ ಅಣೆ ಏಳುತ್ತಿತ್ತು. 1974ರ ಹೊತ್ತಿಗೆ ಅಣೆ ಮುಗಿದು ನೀರು ನಿಂತಿತು. ಖೆಡ್ಡಾ ಜಾಗ, ಹೊಳೆಯಂಚಿನ ಕಾಡು, ಹಳ್ಳಿಗಳು, ಹಾಡಿಗಳು ನೀರಡಿ ಹೋದವು. ಹಿಂಭಾಗದ ನೀರಿನಲ್ಲಿ ಸತ್ತ ಮರಗಳ ಬೊಡ್ಡೆ ಇಂದಿಗೂ ನಿಂತಿವೆ. ಪ್ರವಾಸಿಗರು ಅವುಗಳ ಮೇಲೆ ಕೂತ ನೀರುಕಾಗೆಯ ಫೋಟೋ ತೆಗೆಯುತ್ತಾರೆ.

ಅಂದರೆ ಕೊನೆಯ ಖೆಡ್ಡಾ ಆದ ಮರುವರ್ಷ ಕಾಚ ಬೆಂಗಳೂರಿನ ರಂಗದ ಮೇಲೆ ಬಂದ. ಕಾಡು ಮುಳುಗಿದ ಮೂರು ವರ್ಷಕ್ಕೆ ಪರದೆಯ ಮೇಲೆ ಬಂದ. ಇದು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ. ಮಾಸ್ತಿ ನಾಟಕ ಬರೆದದ್ದು ಇದೆಲ್ಲಕ್ಕೂ ಬಹಳ ಹಿಂದೆ. ಸಿಂಹ ಅವರಿಗೆ ಬೇಕಿದ್ದದ್ದು ಹಾಡು ಕುಣಿತ ತುಂಬಿದ ಒಳ್ಳೆಯ ಕನ್ನಡ ನಾಟಕ. ಆದರೂ ಕಾಚ ಅರಸನೆದುರು ನಿಂತು ಕಾಡಿನ ಪರ ಮಾತಾಡುವುದನ್ನು ಈಗ ನೆನೆದರೆ ನನಗೆ ಬೇರೆಯದೇ ಕೇಳಿಸುತ್ತದೆ. ನಾಟಕದ ಅರಸ ಕಾಡಿನವರ ಮಾತು ಕೇಳುತ್ತಾನೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಕಾಚನ ಪಾತ್ರಕ್ಕೆ ನಗರದ ನಟ, ಬರೆದವರು ಮಾಲೂರು ಸೀಮೆಯಲ್ಲಿ ಹುಟ್ಟಿದ ಮಾಸ್ತಿ, ನೋಡಿದವರು ಬೆಂಗಳೂರಿನ ಕಲಾಕ್ಷೇತ್ರದವರು. ಕೋಟೆ ತಾಲ್ಲೂಕಿನ ಹಾಡಿಯ ಒಬ್ಬ ಕುರುಬ ಹುಡುಗನಿಗೆ ತನ್ನ ಜನರ ನಾಯಕನ ವೇಷ ಕಟ್ಟುವ ಅವಕಾಶ ಆ ದಿನಗಳಲ್ಲಿ ಇರಲಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು, ಹಾಡಿಯಿಂದಲೇ ಬಂದವಳು, ಆ ಸಿನಿಮಾದ ತುಣುಕು ನೋಡಿ, “ಚೆನ್ನಾಗಿ ಮಾಡವ್ರೆ ಸಾರ್, ಆದ್ರೆ ನಮ್ ತಾತ ಹಿಂಗೆ ಎದೆ ಸೆಟೆದು ನಿಂತಿದ್ದ ನಾನೆಂದೂ ನೋಡಿಲ್ಲ” ಎಂದಳು. ದೂರಿನ ದನಿಯಲ್ಲಲ್ಲ, ಇದ್ದದ್ದನ್ನು ಇದ್ದಂತೆ. ಅವಳ ತಾತನ ಬೆನ್ನು ಯಾಕೆ ಬಾಗಿತ್ತು ಎಂದು ನಾನು ಕೇಳಲಿಲ್ಲ, ನಮ್ಮಿಬ್ಬರಿಗೂ ಗೊತ್ತಿತ್ತು. ಅಜ್ಜಿ ಗೆಂಡೆತಿಮ್ಮನ ನಡಿಗೆಗೆ ಕೊಟ್ಟ ಸರ್ಟಿಫಿಕೇಟನ್ನು ಈ ಹುಡುಗಿ ಕಾಚನ ನಿಲುವಿಗೆ ಕೊಡಲಿಲ್ಲ. ನನಗೆ ಎರಡೂ ಸರಿ ಎನ್ನಿಸುತ್ತದೆ. ಕಾಚ ಮಾಸ್ತಿಯವರು ಕಂಡ ಕನಸಿನ ಕುರುಬ, ಲೋಕೇಶ್ ಆ ಕನಸಿಗೆ ತಕ್ಕ ಹಾಗೆ ನಿಂತರು. ಗೆಂಡೆತಿಮ್ಮನನ್ನು ಬರೆದವನು ಅದೇ ಮಣ್ಣಿನವನು.

ಆತ ಶ್ರೀಕೃಷ್ಣ ಆಲನಹಳ್ಳಿ. ಕೋಟೆ ಕಡೆಯ ಆಲನಹಳ್ಳಿಯಲ್ಲಿ 1947ರ ಏಪ್ರಿಲ್‌ನಲ್ಲಿ ಹುಟ್ಟಿದ್ದು. ಲೋಕೇಶ್‌ಗಿಂತ ಒಂದೂವರೆ ತಿಂಗಳು ದೊಡ್ಡವರು. ಒಬ್ಬ ಹೊಲದ ಮನೆಯವನು, ಒಬ್ಬ ಬಣ್ಣದ ಮನೆಯವನು. ಲೋಕೇಶ್ ಬದುಕನ್ನು ಹಿಂದಿರುಗಿ ನೋಡಿದರೆ ಅವರ ದಾರಿಯಲ್ಲಿ ಮೂರು ಸಲ ಆಲನಹಳ್ಳಿ ಎದುರಾಗುತ್ತಾರೆ: ‘ಕಾಡು’, ‘ಪರಸಂಗದ ಗೆಂಡೆತಿಮ್ಮ’, ‘ಭುಜಂಗಯ್ಯನ ದಶಾವತಾರ’. ಕಾಕನಕೋಟೆಯನ್ನೂ ಸೇರಿಸಿದರೆ ನಾಲ್ಕು ಸಲ ಕೋಟೆ ಸೀಮೆ. ಒಬ್ಬ ನಟನ ಮುಖ್ಯ ಪಾತ್ರಗಳು ಹೀಗೆ ಒಂದೇ ತಾಲ್ಲೂಕಿನ ಸುತ್ತ ಬಂದು ಕೂತದ್ದು ಕನ್ನಡದಲ್ಲಿ ಬೇರೆ ಎಲ್ಲಾದರೂ ಉಂಟೋ, ನನಗಂತೂ ಹೊಳೆಯುವುದಿಲ್ಲ.

‘ಕಾಡು’ 1973ರದು, ನಿರ್ದೇಶನ ಗಿರೀಶ ಕಾರ್ನಾಡರದು. ಇಪ್ಪತ್ತೈದು ತುಂಬಿದ ಹುಡುಗ ಬರೆದ ಕಾದಂಬರಿ ಮರುವರ್ಷವೇ ಸಿನಿಮಾ ಆಯಿತು. ಕಿಟ್ಟಿ ಎಂಬ ಬಾಲಕನ ಕಣ್ಣಿಂದ ನೋಡಿದ ಎರಡು ಹಳ್ಳಿಗಳ ಹಗೆ. ಅಮರೀಶ್ ಪುರಿ ಚಂದ್ರೇಗೌಡ, ಲೋಕೇಶ್ ಶಿವಗಂಗ. ಕಮಲಿಯ ಪಾತ್ರದ ನಂದಿನಿ ಭಕ್ತವತ್ಸಲ ಅವರಿಗೆ, ಕಿಟ್ಟಿಯಾದ ನಟರಾಜ್‌ಗೆ ರಾಷ್ಟ್ರ ಪ್ರಶಸ್ತಿ ಬಂತು. ಲೋಕೇಶ್ ಪಾತ್ರ ಚಿಕ್ಕದು. ಅದರ ಮರುವರ್ಷ ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’. ಗೊರೂರರ ಕತೆ, ನಮ್ಮ ಬಡಗಲ ಹಾಸನ ಸೀಮೆಯದು. ಜನ ಇವತ್ತಿಗೂ ಅದನ್ನು ಲೋಕನಾಥರ ಉಪ್ಪಿನಕಾಯಿಗಾಗಿ, ಹೋಟೆಲಿನಲ್ಲಿ ತಿನ್ನುವ ದೃಶ್ಯಕ್ಕಾಗಿ ನೆನೆಯುತ್ತಾರೆ. ನನಗೆ ನೆನಪಿರುವುದು ಜಮೀನ್ದಾರ ಭೂತಯ್ಯ ಸತ್ತಾಗ ಊರಿಂದ ಒಂದಾಳೂ ಬಾರದೆ ಅಯ್ಯು ಒಂಟಿಯಾಗುವ ಭಾಗ. ಅಪ್ಪನ ಬಗ್ಗೆ ಊರು ಏನು ಭಾವಿಸಿತ್ತು ಎಂದು ಮಗನಿಗೆ ಆವತ್ತು ತಿಳಿಯುತ್ತದೆ. ಲೋಕೇಶ್ ಮುಖದಲ್ಲಿ ಮೊದಲು ಸಿಟ್ಟು, ಆಮೇಲೆ ನಾಚಿಕೆ. ಮೇಷ್ಟರ ಪಡಸಾಲೆಯಲ್ಲಿ ಅದನ್ನು ನೋಡಿದ ದಿನ ನಮ್ಮೂರ ಒಬ್ಬ ದೊಡ್ಡ ಜಮೀನಿನವರ ಮಗನೂ ಚಾಪೆಯ ಮೇಲೆ ಕೂತಿದ್ದ. ಅವನು ಮಧ್ಯದಲ್ಲಿ ಎದ್ದು ಹೋದ. ಯಾರೂ ಯಾಕೆಂದು ಕೇಳಲಿಲ್ಲ.

ಗೆಂಡೆತಿಮ್ಮನ ವಿಚಾರ ಬಂದರೆ ನಾನು ಸ್ವಲ್ಪ ಉದ್ದ ಎಳೆಯುತ್ತೇನೆ, ಓದುವವರು ಸಹಿಸಿಕೊಳ್ಳಬೇಕು.

1978ರ ಚಿತ್ರ, ನಿರ್ದೇಶನ ಮಾರುತಿ ಶಿವರಾಂ, ಸಂಗೀತ ರಾಜನ್–ನಾಗೇಂದ್ರ. ತಿಮ್ಮ ಗಂಟು ಹೊತ್ತು ಹಳ್ಳಿಹಳ್ಳಿ ತಿರುಗುವ ವ್ಯಾಪಾರಿ. ಪೇಟೆಯಿಂದ ಸ್ನೋ, ಪೌಡರು, ‘ಬಾಡಿ’ ತಂದು ಗವ್ವಳ್ಳಿಯ ಹೆಂಗಸರಿಗೆ ಮಾರುತ್ತಾನೆ. ಊರಿನ ಗಂಡಸರಿಗೆ ಇದು ಅನಾಚಾರ. ಮನೆಯಲ್ಲಿ ಹೆಂಡತಿ ಮರಂಕಿ, ಹಳ್ಳಿಯ ಬದುಕು ಒಗ್ಗದವಳು. ಊರಿಗೆ ಬಂದ ಶಾಲೆಯ ಮೇಷ್ಟ್ರು. ನಡುವೆ ಏನೂ ಅರಿಯದ, ಅರಿತರೂ ಹೇಳಲಾರದ ತಿಮ್ಮ. ರೀಟಾ ಅಂಚನ್ ಮರಂಕಿ. ಹಳ್ಳಿಗೆ ಆಧುನಿಕತೆ ಬಂದದ್ದು ಹೇಗೆಂದು ಸಮಾಜಶಾಸ್ತ್ರದ ಪುಸ್ತಕಗಳು ರಸ್ತೆ, ವಿದ್ಯುತ್ತು, ಶಾಲೆ ಎಂದು ಪಟ್ಟಿ ಕೊಡುತ್ತವೆ. ಆಲನಹಳ್ಳಿ ಅದು ಒಬ್ಬ ಮುಗ್ಧನ ಗಂಟಿನಲ್ಲಿ ಬಂತು ಎಂದರು. ತಂದವನನ್ನೇ ಅದು ಮುಗಿಸಿತು ಎಂದೂ ಹೇಳಿದರು.

ನಮ್ಮೂರಿಗೂ ಹೀಗೆ ಗಂಟಿನವನು ಬರುತ್ತಿದ್ದ. ಜಗಲಿಯ ಮೇಲೆ ಬಟ್ಟೆ ಹಾಸಿ ರಿಬ್ಬನ್ನು, ಪಿನ್ನು, ಬಾಚಣಿಗೆ ಹರಡುತ್ತಿದ್ದ. ಗಂಟು ಹೊತ್ತು ಹೊತ್ತು ಅವನ ಒಂದು ಹೆಗಲು ಇನ್ನೊಂದಕ್ಕಿಂತ ಕೆಳಗಿಳಿದಿತ್ತು. ಗಂಟು ಇಳಿಸಿದ ಮೇಲೂ ಹಾಗೇ ನಡೆಯುತ್ತಿದ್ದ. ಬಹಳ ವರ್ಷಗಳ ನಂತರ ಮತ್ತೆ ಸಿನಿಮಾ ನೋಡಿದಾಗ ಅಜ್ಜಿ ಹೇಳಿದ್ದು ನನಗೆ ತಿಳಿಯಿತು. ಕೈಯಲ್ಲಿ ಏನೂ ಇಲ್ಲದಾಗಲೂ ತಿಮ್ಮನ ಮೈ ಗಂಟು ಹೊತ್ತ ಮೈಯೇ. ಯಾರಾದರೂ ಗದರಿಸಿದರೆ ಮೊದಲು ಕುಗ್ಗುವುದು ಹೆಗಲು, ಆಮೇಲೆ ಮುಖ.

ಸಿನಿಮಾದಲ್ಲಿ ತಿಮ್ಮನ ಮಾತಿಗೆ ಜನ ನಗುತ್ತಾರೆ, ನಾವೂ ನಕ್ಕೆವು. ನಮ್ಮದೇ ಮಾತು ಡಬ್ಬಿಯೊಳಗಿಂದ ಕೇಳಿದರೆ ಕಚಗುಳಿಯಾಗುತ್ತದೆ. ಆದರೆ ಆ ನಗು ಕೊನೆಯವರೆಗೆ ಉಳಿಯುವುದಿಲ್ಲ. ಅರ್ಧದಲ್ಲಿ ಎಲ್ಲೋ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಮಾತಿನಲ್ಲಿ ಒಬ್ಬ ಮನುಷ್ಯ ಕುಸಿಯುವುದನ್ನು ನೋಡಬೇಕಾಗುತ್ತದೆ. ಆ ವರ್ಷದ ರಾಜ್ಯ ಪ್ರಶಸ್ತಿ ಲೋಕೇಶ್‌ಗೆ ಬಂತು.

ಇನ್ನೊಂದು ರಾಜ್ಯ ಪ್ರಶಸ್ತಿ ‘ಬ್ಯಾಂಕರ್ ಮಾರ್ಗಯ್ಯ’ನಿಗೆ, 1983ರ ಚಿತ್ರ. ಆರ್.ಕೆ. ನಾರಾಯಣರ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಕಾದಂಬರಿಯನ್ನು ಟಿ.ಎಸ್. ನಾಗಾಭರಣ ಕನ್ನಡಕ್ಕೆ ತಂದರು. ನಾರಾಯಣರು ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದದ್ದು ಕನ್ನಡದ ಬಾಯಲ್ಲಿ ಬಂದಾಗ ಮನೆಗೆ ವಾಪಸು ಬಂದಂತೆ ಕೇಳುತ್ತದೆ. ಸಹಕಾರಿ ಬ್ಯಾಂಕಿನ ಎದುರು ಆಲದ ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ‘ಮಾರ್ಗ’ ತೋರಿಸುವವನು ಮಾರ್ಗಯ್ಯ. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವರನ್ನು ನೋಡಿ ಬೆಳೆದ ಯಾರಿಗೂ ಅವನ ಪರಿಚಯ ಬೇಕಿಲ್ಲ. ಗೆಂಡೆತಿಮ್ಮನ ಕುಗ್ಗಿದ ಹೆಗಲು ಇಲ್ಲಿ ಮಾಯ. ಈ ಮನುಷ್ಯ ಕಣ್ಣಿಂದಲೇ ಎದುರಿನವನ ಜೇಬು ಅಳೆಯುತ್ತಾನೆ. ರಾಷ್ಟ್ರ ಮಟ್ಟದಲ್ಲಿ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವಾಗಿ ಅದು ಆಯ್ಕೆಯಾಯಿತು. ನಾಗಾಭರಣರ ಆ ಚಿತ್ರವಾದ ಮೂರು ವರ್ಷಕ್ಕೆ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದು ದೂರದರ್ಶನಕ್ಕೆ ಕೊಟ್ಟರು. ನಾರಾಯಣರ ಪಾತ್ರಗಳಿಗೆ ಕನ್ನಡ ನಟರು ಎಷ್ಟು ಹೊಂದುತ್ತಾರೆ ಎಂಬುದಕ್ಕೆ ಮಾರ್ಗಯ್ಯ ಮೊದಲೇ ಸಾಕ್ಷಿ ಹೇಳಿದ್ದ.

ನಡುವೆ ಲಂಕೇಶರ ‘ಎಲ್ಲಿಂದಲೋ ಬಂದವರು’, ‘ಭಕ್ತ ಸಿರಿಯಾಳ’ ಇವೆ; ಎರಡೂ 1980ರವು. ದುಡಿಮೆಗಾಗಿ ಮಾಡಿದ ಎಷ್ಟೋ ಸಣ್ಣಪುಟ್ಟ ಪಾತ್ರಗಳೂ ಇವೆ. ಎಲ್ಲವೂ ಒಳ್ಳೆಯವೆಂದು ನಾನು ಹೇಳಲಾರೆ. ಕನ್ನಡ ಚಿತ್ರರಂಗ ಅವರಿಗೆ ತಕ್ಕ ಪಾತ್ರ ಕೊಟ್ಟದ್ದಕ್ಕಿಂತ ಕೊಡದಿದ್ದದ್ದೇ ಹೆಚ್ಚು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ನಾಯಕನೆಂದರೆ ಹೊಡೆದಾಟ ಎಂದಾದಾಗ ಇಂಥ ಹೆಗಲಿಗೆ ಕೆಲಸ ಎಲ್ಲಿ?

ಕೆಲಸ ತಾವೇ ಹುಟ್ಟಿಸಿಕೊಂಡರು. 1991ರಲ್ಲಿ ‘ಭುಜಂಗಯ್ಯನ ದಶಾವತಾರ’ವನ್ನು ಲೋಕೇಶ್ ತಾವೇ ನಿರ್ದೇಶಿಸಿ ಮುಖ್ಯ ಪಾತ್ರವನ್ನೂ ಮಾಡಿದರು. ಒಂದಾದ ಮೇಲೊಂದು ಬದುಕಿನ ವೇಷ ಬದಲಿಸುತ್ತ ಹೋಗುವ ಹಳ್ಳಿಗನ ಕತೆ. ಆಲನಹಳ್ಳಿ ಅದನ್ನು ನೋಡಲು ಇರಲಿಲ್ಲ. 1989ರ ಜನವರಿಯಲ್ಲಿ, ನಲವತ್ತೆರಡು ತುಂಬುವ ಮೊದಲೇ, ತೀರಿಕೊಂಡಿದ್ದರು. ಎಂದೋ ಬರೆದಿಟ್ಟ ಪಾತ್ರವನ್ನು ಗೆಳೆಯ ಕೈಸಾಲ ತೀರಿಸುವವನಂತೆ ಎತ್ತಿಕೊಂಡ ಎಂದು ನನಗೆ ಅನಿಸುತ್ತದೆ. ನಿರ್ದೇಶಕನಾಗಿ ಲೋಕೇಶ್ ಅಲ್ಲಲ್ಲಿ ತಡವರಿಸುತ್ತಾರೆ. ಆದರೆ ಭುಜಂಗಯ್ಯ ತಡವರಿಸುವುದಿಲ್ಲ.

ಮುಂದಿನದು ಟಿವಿಯ ಕಾಲ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ, ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ. ಕಂಪನಿ ಮುಚ್ಚಿದಾಗ ರಂಗದವರು ಸಿನಿಮಾಕ್ಕೆ ಹೋದಂತೆ, ಹವ್ಯಾಸಿ ರಂಗಭೂಮಿಯವರು ಈಗ ಧಾರಾವಾಹಿಗೆ ಬಂದರು. ತಿಂಗಳ ಕೊನೆಗೆ ಕೈಗೆ ಹಣ ಬರುವ ನಟನೆ ಕನ್ನಡದಲ್ಲಿ ಬಹುಶಃ ಅದೇ ಮೊದಲು. ಇದನ್ನು ಯಾರೂ ಹಗುರವಾಗಿ ಕಾಣಬಾರದು. ಲೋಕೇಶ್ ಮನೆಯೂ ಆ ಕಡೆ ತಿರುಗಿತು. ರಂಗಭೂಮಿಯಿಂದ ಬಂದ ಗಿರಿಜಾ ಲೋಕೇಶ್ ಮನೆಮನೆಯ ಅಮ್ಮ, ಅಜ್ಜಿಯಾದರು. ಮಗಳು ಪೂಜಾ ಸಿನಿಮಾ, ಧಾರಾವಾಹಿ ಎರಡರಲ್ಲೂ. ಮಗ ಸೃಜನ್ ನಿರೂಪಕ, ಹಾಸ್ಯಗಾರ, ‘ಲೋಕೇಶ್ ಪ್ರೊಡಕ್ಷನ್ಸ್’ ಹೆಸರಿನ ಸಂಸ್ಥೆ ಕಟ್ಟಿದವರು. ತಾತನದು ಡೇರೆ, ತಂದೆಯದು ಥಿಯೇಟರು, ಮೊಮ್ಮಗನದು ಪಡಸಾಲೆಯ ಟಿವಿ. ಕನ್ನಡ ಮನರಂಜನೆಯ ಶತಮಾನದ ಕತೆಯನ್ನು ಒಂದೇ ಮನೆಯ ಮೂರು ತಲೆಮಾರಿನಲ್ಲಿ ಹೇಳಬಹುದು.

ಲೋಕೇಶ್ 2004ರ ಅಕ್ಟೋಬರ್ 14ರಂದು ತೀರಿಕೊಂಡರು. ಐವತ್ತೇಳು ವಯಸ್ಸು. ಸುದ್ದಿ ಗೊತ್ತಾದದ್ದೂ ಟಿವಿಯಲ್ಲೇ. ಅಷ್ಟೊತ್ತಿಗೆ ಮೇಷ್ಟರ ಮನೆಯ ಮರದ ಪೆಟ್ಟಿಗೆ ಅಟ್ಟ ಸೇರಿತ್ತು, ನಮ್ಮ ಮನೆಗೆ ಕೇಬಲ್ ಬಂದಿತ್ತು. ಅಜ್ಜಿಗೆ ಹೇಳೋಣ ಎಂದು ಒಂದು ಗಳಿಗೆ ಅನ್ನಿಸಿತು. ಅವಳು ಹೋಗಿ ನಾಲ್ಕು ವರ್ಷವಾಗಿತ್ತು.

ಈಗಲೂ ಟಿವಿಯಲ್ಲಿ ನಮ್ಮ ಸೀಮೆಯ ಮಾತು ಕೇಳುತ್ತದೆ, ಮೊದಲಿಗಿಂತ ಹೆಚ್ಚೇ ಕೇಳುತ್ತದೆ. ಹೆಚ್ಚಿನ ಪಾಲು ಅಡುಗೆಯವನ, ಡ್ರೈವರಿನ, ದಡ್ಡ ಭಾವನ ಬಾಯಲ್ಲಿ. “ಏನ್ಲಾ” ಎಂದರೆ ಹಿಂದಿನಿಂದ ರೆಕಾರ್ಡು ಮಾಡಿದ ನಗೆ. ಅಳುವ ದೃಶ್ಯ ಬಂದೊಡನೆ ಎಲ್ಲ ಪಾತ್ರಗಳೂ ಒಂದೇ ಬಗೆಯ ಶುದ್ಧ ಬೆಂಗಳೂರು ಕನ್ನಡಕ್ಕೆ ಹೊರಳುತ್ತವೆ, ನಮ್ಮ ಮಾತಿನಲ್ಲಿ ಅಳಲು ಬರುವುದಿಲ್ಲ ಎಂಬಂತೆ. ತಿಮ್ಮ ಅಳುವಾಗಲೂ ಅದೇ ಮಾತಾಡಿದ್ದ ಎಂಬುದು ನನಗೆ ಮುಖ್ಯವಾಗಿ ಕಾಣುವುದು ಇದಕ್ಕೇ. ನಗಿಸಲು ಬಳಸಿದ ಮಾತನ್ನೇ ಸಾಯಲು ಬಳಸುವ ಧೈರ್ಯ ಬರೆದವನಿಗೂ ಇತ್ತು, ಆಡಿದವನಿಗೂ ಇತ್ತು.

ಆ ಹಿಂದಿನ ಬೆಂಚಿನ ಹುಡುಗನಿಗೆ ‘ಗೆಂಡೆತಿಮ್ಮ’ ನೋಡಲು ಹೇಳಿದೆ. ಹಾಡುಗಳನ್ನು ಓಡಿಸಿ ಓಡಿಸಿ ಮೊಬೈಲಿನಲ್ಲಿ ನೋಡಿದನಂತೆ. ಮರುವಾರ ತರಗತಿ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಂತ. ಪಿರಿಯಾಪಟ್ಟಣ ಕಡೆಯ ಹುಡುಗ, ಅಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ.

“ಸಾರ್, ಅವ್ರು ಯಾವೂರವ್ರು?” ಎಂದ.

ಬೆಂಗಳೂರಿನವರು, ನಾಟಕದ ಕಂಪನಿ ಮನೆಯವರು ಎಂದೆ.

“ಇರ್ನಿಕ್ಕಿಲ್ಲ ಬುಡಿ ಸಾರ್” ಎಂದ ಹುಡುಗ.